ನಿಂತರೆ ಬೆಚ್ಚಗೆ, ಓಡಿದರೆ ತಣ್ಣಗೆ

ಶಹಾಪುರದ ಯಾವ ಗ್ಯಾರೇಜಿನ ಮುಂದೆಯಾದರೂ ನಿಂತು ‘ನಮ್ಮ ಗಾಡಿಯ ಹೀಟರ್ ಕೆಟ್ಟಿದೆ’ ಎಂದು ಹೇಳಿ ನೋಡಿ. ಕೇಳಿದವನು ಮೊದಲು ತಾನು ನಗುತ್ತಾನೆ, ಆಮೇಲೆ ಪಕ್ಕದ ಅಂಗಡಿಯವನನ್ನು ಕರೆದು ಅವನನ್ನೂ ನಗಿಸುತ್ತಾನೆ. ಕಳೆದ ಚಳಿಗಾಲದಲ್ಲಿ ಹೀಗೆ ಊರನ್ನು ನಗಿಸಿದ ಮುದುಕಿ ನಾನೇ. ಬೇಸಿಗೆಯಲ್ಲಿ ನಮ್ಮ ಕಡೆ ಗಾಡಿಯ ಬಾಗಿಲು ಮುಟ್ಟಿದರೆ ಬೊಬ್ಬೆ ಏಳುತ್ತದೆ, ನಿಜ. ಆದರೆ ಎಳ್ಳಮಾಸಿ ಹೊತ್ತಿನ ನಸುಕಿನಲ್ಲಿ ಭೀಮಾ ಹೊಳೆಯ ಸೇತುವೆ ಮೇಲೆ ಬೀಸುವ ಗಾಳಿ ಎಂಥದು ಎಂಬುದನ್ನು ಆಗಷ್ಟೇ ತತ್ತಿ ಒಡೆದು ಬಂದ ಕೋಳಿಮರಿಯನ್ನು ಕೇಳಬೇಕು.

ನಮ್ಮೂರು ಶಹಾಪುರ, ನಮ್ಮದು ಕೋಳಿಮರಿ ಸಾಗಿಸುವ ಕೆಲಸ. ಸೊಸೆ ಗಾಡಿ ಓಡಿಸುತ್ತಾಳೆ, ನಾನು ಪಕ್ಕದಲ್ಲಿ ಕೂತು ಮರಿ ನೋಡಿಕೊಳ್ಳುತ್ತೇನೆ. ಮಗ ಹೊಲ ನೋಡುತ್ತಾನೆ. ಸ್ಟೇರಿಂಗ್ ಹಿಡಿದರೆ ಅವನಿಗೆ ಎದುರಿಗೆ ಬರುವ ಸೈಕಲ್ಲೂ ಲಾರಿಯಂತೆ ಕಾಣುತ್ತದೆ. ತೆಲಂಗಾಣದ ಕಡೆಯಿಂದ ಬರುವ ಮರಿಗಳ ಪೆಟ್ಟಿಗೆಗಳನ್ನು ಗುರುಮಠಕಲ್ಲಿನ ಏಜೆಂಟ್ ಬೆಳಗಾಗುವ ಮುಂಚೆ ಯಾದಗಿರಿಗೆ ತಂದು ನಮಗೆ ಒಪ್ಪಿಸುತ್ತಾನೆ. ಅಲ್ಲಿಂದ ಶಹಾಪುರ, ಸುರಪುರ, ಹುಣಸಗಿ ದಾರಿಯಲ್ಲಿ ಹಿತ್ತಲಿನಲ್ಲಿ ಕೋಳಿ ಸಾಕುವ ಹೆಂಗಸರಿಗೆ ಮುಟ್ಟಿಸುವುದು ನಮ್ಮ ಪಾಲು.

ಈ ಮರಿಗಳ ಮೈಮೇಲೆ ಒಂದಿಷ್ಟು ತುಪ್ಪಳ ಬಿಟ್ಟರೆ ಏನೂ ಇಲ್ಲ. ತಾಯಿಕೋಳಿ ಇದ್ದಿದ್ದರೆ ರೆಕ್ಕೆ ಕೆಳಗೆ ಹಾಕಿಕೊಳ್ಳುತ್ತಿತ್ತು. ಇವು ಯಂತ್ರದ ಮಕ್ಕಳು. ಚಳಿ ಹತ್ತಿದರೆ ಪೆಟ್ಟಿಗೆಯ ಮೂಲೆಗೆ ನುಗ್ಗಿ ಒಂದರ ಮೇಲೊಂದು ಏರುತ್ತವೆ. ಕೆಳಗೆ ಸಿಕ್ಕವು ಉಸಿರುಗಟ್ಟಿ ಸಾಯುತ್ತವೆ. ಹಾಗಾಗಿ ದಾರಿಯುದ್ದಕ್ಕೂ ಗಾಡಿಯೇ ತಾಯಿಕೋಳಿ ಆಗಬೇಕು.

ಗಾಡಿ ಕೊಂಡದ್ದು ಬೇಸಿಗೆಯಲ್ಲಿ. ಹಳೆಯದು, ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವಂಥ ವ್ಯಾನು. ಆ ಬಿಸಿಲಲ್ಲಿ ಹೀಟರ್ ಹಾಕಿ ನೋಡುವ ಬುದ್ಧಿ ಯಾರಿಗೆ ಬರಬೇಕು? ಚಳಿಗಾಲದ ಮೊದಲ ಲೋಡಿನ ದಿನ ಸೊಸೆ ಗುಂಡಿಯನ್ನು ಕೆಂಪು ಗುರುತಿಗೆ ತಿರುಗಿಸಿದಳು. ಫ್ಯಾನು ಭರ್ರೆಂದು ತಿರುಗಿತು. ಬಂದದ್ದು ಫ್ರಿಜ್ಜಿನ ಬಾಗಿಲು ತೆಗೆದಂಥ ಗಾಳಿ.

“ಎಂಜಿನ್ ಕಾಯ್ಲಿ ತಡೀರಿ ಅತ್ತಿ. ಈಗಷ್ಟ ಹೊಂಟೇವಿ,” ಎಂದಳು.

ಹೊಳೆ ದಾಟಿದೆವು. ಜೋಳದ ಹೊಲಗಳನ್ನೂ ದಾಟಿದೆವು. ಗಾಳಿ ಇನ್ನೂ ತಣ್ಣಗೇ. ಹಿಂದೆ ಮರಿಗಳ ಚೀಂವ್ ಚೀಂವ್ ಕಿವಿ ಹರಿಯುವಷ್ಟು ಜೋರಾಯಿತು. ನಾನು ಹೊದ್ದ ಕೌದಿ ತೆಗೆದು ಪೆಟ್ಟಿಗೆಗಳ ಮೇಲೆ ಹಾಕಿದೆ. ಪೂರ್ತಿ ಮುಚ್ಚಿದರೆ ಉಸಿರಿಗೆ ಗಾಳಿ ಇಲ್ಲ, ಸರಿಸಿದರೆ ಚಳಿ. ಶಹಾಪುರದವರೆಗೂ ಮುಚ್ಚುವುದು, ತೆಗೆಯುವುದು ಇದೇ ಆಯಿತು. ಅಲ್ಲಿ ಪೆಟ್ಟಿಗೆ ತೆಗೆದಾಗ ಮೂಲೆಗಳಲ್ಲಿ ಚಪ್ಪಟೆಯಾಗಿ ಬಿದ್ದಿದ್ದ ಮರಿಗಳನ್ನು ಸೊಸೆ ಒಂದೊಂದಾಗಿ ಎತ್ತಿ ಸೆರಗಿಗೆ ಹಾಕಿಕೊಂಡಳು.

ಏಜೆಂಟನ ಫೋನು ಬಂತು. “ಏಮಮ್ಮಾ, ಮರಿ ಸತ್ತಾವಂತ ಕಂಪ್ಲೇಂಟ್ ಬಂದಾದ. ನಿಮ್ಮ ಗಾಡ್ಯಾಗ ಹೀಟರ್ ಅದ ಅಂದಿದ್ರಲ್ಲ?”

“ಅದರಿ. ಅದಕ್ಕ ತಾನು ಹೀಟರ್ ಅಂಬೋದು ಗೊತ್ತಿಲ್ಲ ಅಷ್ಟ,” ಎಂದೆ.

ಅವನು ನಗಲಿಲ್ಲ. “ಹುಣಸಗಿ ದೊಡ್ಡ ಲೋಡ್ ಬರಾಕತ್ತಾದ. ಅಷ್ಟರಾಗ ಬರಾಬರ್ ಮಾಡ್ಕೋರಿ. ಇಲ್ಲಂದ್ರ ರೂಟ್ ಬ್ಯಾರೆ ಗಾಡಿಗಿ ಕೊಡ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.”

ರೂಟ್ ಹೋದರೆ ನನಗೇನು, ಮನೆಯಲ್ಲಿ ಕೂತು ಸೊಪ್ಪು ಸೋಸುತ್ತೇನೆ. ಸೊಸೆ ಮಾತ್ರ ಮತ್ತೆ ಹತ್ತಿ ಬಿಡಿಸಲು ಕೂಲಿಗೆ ಹೋಗಬೇಕು. ಗಾಡಿ ಕಲಿಯುವಾಗ ಓಣಿಯ ಗಂಡಸರೆಲ್ಲ ಕಟ್ಟೆ ಮೇಲೆ ಕೂತು ಅವಳನ್ನು ನೋಡಿ ನಕ್ಕಿದ್ದರು. ಅವರ ಎದುರಿಗೆ ಗಾಡಿ ಮಾರಿ ಬುತ್ತಿ ಹಿಡಿದು ಹೊಲದ ಕಡೆ ನಡೆಯುವುದು ಅವಳಿಂದ ಆಗುವ ಮಾತಲ್ಲ. ಇದು ನನಗೆ ಆ ರಾತ್ರಿ ರೊಟ್ಟಿ ಬಡಿದ ಸದ್ದಿನಲ್ಲೇ ಗೊತ್ತಾಯಿತು.

ಮೊದಲು ಹೋದದ್ದು ಯಾದಗಿರಿಯ ಗ್ಯಾರೇಜ್ ಮಿಸ್ತ್ರಿ ಹತ್ತಿರ. ಅವನು ನಕ್ಕು ಮುಗಿಸುವವರೆಗೆ ಕಾಯ್ದೆವು.

“ಅಮ್ಮಾ, ಎ.ಸಿ. ಹಾಕಸ್ರಿ ಅಂತ ಬರೋರನ್ನ ನೋಡೀನಿ. ಹೀಟರ್ ಅಂದವ್ರು ನೀವ ಫಸ್ಟ್. ಒಂದು ಸ್ವೆಟರ್ ತೊಗೋರಿ, ಸಸ್ತಾ ಆಗ್ತಾದ.”

“ಸ್ವೆಟರ್ ಹೆಣೀತೀನಪ್ಪಾ. ಕೋಳಿಮರಿ ಅಳತಿ ನೀ ತೊಗೊಂಡು ಬಾ,” ಎಂದೆ.

ಆಮೇಲೆ ಕೆಳಗೆ ಮಲಗಿ ನೋಡಿದ. ಹೀಟರು ಎಂದರೆ ಬೇರೆ ಒಲೆಯೇನಲ್ಲ ಎಂಬುದು ನನಗೆ ತಿಳಿದದ್ದು ಅಂದೇ. ಎಂಜಿನ್ನಿನ ಕಾದ ನೀರು ಒಂದು ಪೈಪಿನಲ್ಲಿ ಮುಂದೆ ಬಂದು, ಡ್ಯಾಶ್‌ಬೋರ್ಡಿನ ಒಳಗೆ ಇರುವ ಸಣ್ಣ ಜಾಳಿಗೆಯಲ್ಲಿ ಸುತ್ತಿ, ಇನ್ನೊಂದು ಪೈಪಿನಲ್ಲಿ ವಾಪಸ್ ಹೋಗುತ್ತದೆ. ಫ್ಯಾನು ಆ ಜಾಳಿಗೆಯ ಮೇಲೆ ಗಾಳಿ ಊದುತ್ತದೆ. ನಮ್ಮ ಗಾಡಿಯಲ್ಲಿ ಯಾರೋ ಪುಣ್ಯಾತ್ಮರು ಎರಡೂ ಪೈಪು ಬಿಚ್ಚಿ, ಎಂಜಿನ್ ಹತ್ತಿರವೇ ಒಂದಕ್ಕೊಂದು ಬಗ್ಗಿಸಿ ಕೂಡಿಸಿಬಿಟ್ಟಿದ್ದರು. ನೀರು ಹೀಟರಿನ ಮುಖವನ್ನೇ ನೋಡುತ್ತಿರಲಿಲ್ಲ.

ಅವನು ಪೈಪು ಹಳೆಯ ದಾರಿಗೆ ಜೋಡಿಸಿ, ಬಿಗಿದು, ನೀರು ತುಂಬಿ, ಮುಚ್ಚಳ ತೆಗೆದಿಟ್ಟು ಎಂಜಿನ್ ಓಡಿಸಿದ. ಒಳಗಿನ ಗಾಳಿ ಗುಳುಗುಳು ಎಂದು ಹೊರಬಂತು. ಪೈಪು ಹಿಸುಕಿ ಹಿಸುಕಿ ಉಳಿದದ್ದನ್ನೂ ಹೊರಡಿಸಿದ. ಗ್ಯಾರೇಜಿನ ಮುಂದೆ ನಿಂತ ಗಾಡಿಯಲ್ಲಿ ಉಗುರು ಬೆಚ್ಚಗಿನ ಗಾಳಿ ಬಂತು. ಗೆದ್ದೆವು ಎಂದುಕೊಂಡು, ಮಧ್ಯಾಹ್ನದ ಬಿಸಿಲಿಗೆ ಹೀಟರ್ ಆರಿಸಿ ಮನೆಗೆ ಬಂದೆವು.

ಮುಂದಿನ ಲೋಡಿಗೆ ಯಾದಗಿರಿಯಲ್ಲಿ ಪೆಟ್ಟಿಗೆ ಏರಿಸಿಕೊಂಡು ಹೀಟರ್ ಹಾಕಿದೆವು, ಊರು ಬಿಡುವ ತನಕ ಗಾಳಿ ಬೆಚ್ಚಗೇ ಇತ್ತು. ಸೇತುವೆ ದಾಟಿ ಸೊಸೆ ವೇಗ ಹಿಡಿದಳು. ನಾನು ಅಂಗೈ ಒಡ್ಡಿ ಕೂತಿದ್ದೆ. ಬೆಚ್ಚಗಿದ್ದದ್ದು ಆರುತ್ತಾ ಆರುತ್ತಾ ಮತ್ತೆ ಅದೇ ತಣ್ಣನೆ ಗಾಳಿ.

“ಅತ್ತಿ, ಬಂತ್ರಿ?”

“ಬಂತವ್ವಾ. ಕಾಶ್ಮೀರದಿಂದ ನೇರ ಬಂತು.”

ಈ ಸಲ ನಾನು ತಯಾರಾಗಿಯೇ ಇದ್ದೆ. ಒಲೆಯಲ್ಲಿ ಕಾಯಿಸಿದ ಇಟ್ಟಂಗಿಗಳನ್ನು ಗೋಣಿಯಲ್ಲಿ ಸುತ್ತಿ ತಂದಿದ್ದೆ. ಅವು ಶಹಾಪುರದವರೆಗೆ ಮಾನ ಉಳಿಸಿದವು. ಆಮೇಲೆ ಅವೂ ತಣ್ಣನೆ ಇಟ್ಟಂಗಿ, ನಾನೂ ಇಟ್ಟಂಗಿ. ಸುರಪುರದಲ್ಲಿ ಪೆಟ್ಟಿಗೆ ತೆಗೆದುಕೊಂಡ ಹೆಂಗಸು ಒಂದು ಮರಿಯನ್ನು ಅಂಗೈ ಮೇಲಿಟ್ಟು, “ಇದು ಇವತ್ತ ಸಂಜಿ ತನಕ ಬಾಳೂದಿಲ್ಲ ನೋಡ್ ಬೇ,” ಎಂದು ನನ್ನ ಮುಖಕ್ಕೇ ಹೇಳಿದಳು. ಬಾಳಲಿಲ್ಲ.

ಆಗ ಶಹಾಪುರದ ಮಿಸ್ತ್ರಿ ಹತ್ತಿರ ಹೋದೆವು. ಊರಿನ ಹಳೆಯ ಗಾಡಿಗಳೆಲ್ಲ ಅವನ ಕೈಯಲ್ಲೇ ಹಾದುಹೋದಂಥವು. ಅವನೂ ನಕ್ಕ. ಆದರೆ ಕೆಲಸ ಮಾಡುತ್ತಾ ನಕ್ಕ, ಅದು ಪರವಾಗಿಲ್ಲ. ಹೀಟರಿಗೆ ಹೋಗುವ ಎರಡು ಪೈಪುಗಳನ್ನು ಎರಡು ಕೈಯಲ್ಲಿ ಹಿಡಿದ. “ಮುಟ್ರಿ ಖಾಲಾ,” ಎಂದ. ಅವನಿಗೆ ಊರಿನ ಮುದುಕಿಯರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಹೋಗುವ ಪೈಪು ಕೈ ಸುಡುತ್ತಿತ್ತು. ಬರುವ ಪೈಪು ತಣ್ಣಗಿತ್ತು.

“ಅಂದ್ರ ನಡುವ ಜಾಮ್ ಆಗ್ಯಾದ,” ಎಂದ.

ಪೈಪು ಬಿಚ್ಚಿ, ವಾಪಸ್ ಬರುವ ಕಡೆಯಿಂದ ನೀರು ಬಿಟ್ಟ. ಮೊದಲು ಇಟ್ಟಂಗಿ ಬಣ್ಣದ ನೀರು ಬಂತು. ಆಮೇಲೆ ಬೆಳ್ಳನೆಯ ಚಕ್ಕೆಗಳು. ನಾನು ಒಂದು ಚಕ್ಕೆ ಉಗುರಿನಿಂದ ಮುರಿದು ನೋಡಿದೆ. ಇದು ನಮ್ಮ ಬಚ್ಚಲ ಹಂಡೆಯ ತಳದಲ್ಲಿ ಕೂರುವ ಸುಣ್ಣವೇ. ಹಿಂದಿನವರು ವರ್ಷಗಟ್ಟಲೆ ಬೋರಿನ ಸವಳು ನೀರು ಸುರಿದಿದ್ದಾರೆ. ಮಿಸ್ತ್ರಿ ತೊಳೆದು ಮುಗಿಸಿ ಮತ್ತೆ ಬೋರಿನ ನೀರಿನ ಕೊಡ ಎತ್ತಿದ. ಅವನ ಕೈಯ ಕೊಡ ಹಿಡಿದು ತಡೆದೆ.

“ಕೂಲಂಟ್ ಹಾಕು.”

“ಅರೆ, ನೀರ ಹಾಕ್ತಾರ ಖಾಲಾ ಎಲ್ಲಾರೂ!”

“ಎಲ್ಲಾರೂ ಹಾಕ್ಯಾರಂತನ ನೀ ಈಗ ಸುಣ್ಣ ತೊಳ್ಯಾಕತ್ತೀದಿ. ಅದನ್ನ ಹಾಕು, ಇಲ್ಲಂದ್ರ ಈ ಸುಣ್ಣ ನಿನ್ನ ಗ್ವಾಡಿಗಿ ಬಳೀತೀನಿ.”

ಸುಣ್ಣ ಕಟ್ಟದ ಹಸಿರು ಕೂಲಂಟ್ ಹಾಕಿದ. ಎಂಜಿನ್ ಓಡಿಸಿದಾಗ ಎರಡೂ ಪೈಪು ಸುಟ್ಟವು. ಹೀಟರಿನ ಬಾಯಿಯಿಂದ ಬಂದ ಗಾಳಿಗೆ ನನ್ನ ಕನ್ನಡಕ ಬೆಚ್ಚಗಾಯಿತು. ಸೊಸೆ ಅಂದು ಮೊದಲ ಸಲ ನಕ್ಕಳು. ಊರೊಳಗೆ ಒಂದು ಸುತ್ತು ಹೊಡೆದೆವು, ಬೆಚ್ಚಗೇ ಇತ್ತು. ಆ ಸಂಜೆ ಹಬ್ಬದಂತೆ ಶೇಂಗಾ ಹೋಳಿಗೆ ಮಾಡಿದೆ.

ಮರುದಿನ ಮುಂಜಾನೆ ಹೀಟರ್ ಪರೀಕ್ಷಿಸಲೆಂದು ಖಾಲಿ ಗಾಡಿಯನ್ನು ಯಾದಗಿರಿ ಕಡೆ ಓಡಿಸಿದಾಗ ದೊಡ್ಡ ರಸ್ತೆಗೆ ಬಿದ್ದದ್ದೇ ತಡ, ಗಾಳಿ ಮತ್ತೆ ತಣ್ಣಗಾಯಿತು. ಸೊಸೆ ಗಾಡಿ ಬದಿಗೆ ನಿಲ್ಲಿಸಿ ಸ್ಟೇರಿಂಗಿನ ಮೇಲೆ ಹಣೆ ಇಟ್ಟಳು.

“ಬ್ಯಾಡ್ರಿ ಅತ್ತಿ. ಏಜೆಂಟ್‌ಗ ಆಗೂದಿಲ್ಲ ಅಂತ ಫೋನ್ ಮಾಡಿಬಿಡ್ತೀನಿ. ಮರಿ ಸಾಯೂದು ನನ್ನಿಂದ ನೋಡಾಕ ಆಗವಲ್ದು.”

ನನಗೂ ಸಾಕಾಗಿತ್ತು. ಗಾಡಿಗೆ ಎರಡು ಒದೆ ಕೊಡೋಣವೆಂದರೆ ಮೊಣಕಾಲು ನನ್ನದೇ. ಕೌದಿ ಎಳೆದು ಮೊಣಕಾಲಿಗೆ ಹೊದ್ದುಕೊಂಡು ಕೂತೆ. ಕೂತಲ್ಲೇ, ಎಂಜಿನ್ ಓಡುತ್ತಿದ್ದಂತೆಯೇ, ನನ್ನ ಪಾದಕ್ಕೆ ಮೆಲ್ಲಗೆ ಬಿಸಿ ತಾಗಿತು. ಕೈ ಒಡ್ಡಿದೆ. ಗಾಳಿ ಬೆಚ್ಚಗಾಗುತ್ತಿತ್ತು.

“ಹೊಡಿ ಬೇ ಗಾಡಿ,” ಎಂದೆ. ಓಡಿಸಿದಳು, ತಣ್ಣಗಾಯಿತು. “ನಿಲ್ಸು,” ಎಂದೆ. ನಿಲ್ಲಿಸಿದಳು, ಕಾಯ್ದೆವು, ಬೆಚ್ಚಗಾಯಿತು. ಇನ್ನೊಮ್ಮೆ ಮಾಡಿಸಿದೆ. ಈ ಸಲ ಸೊಸೆ ಎಂಜಿನ್ ಬಿಸಿ ತೋರಿಸುವ ಮುಳ್ಳು ನೋಡಿದಳು. ನಿಂತಾಗ ನಡುವಿಗೆ ಏರುತ್ತಿತ್ತು, ಓಡಿದಾಗ ತಳಕ್ಕೆ ಇಳಿಯುತ್ತಿತ್ತು. ಕೆಟ್ಟಿದ್ದು ಹೀಟರಲ್ಲ. ಗಾಡಿ ಓಡುವಾಗ ಎಂಜಿನ್ನೇ ಆರುತ್ತಿದೆ, ಗಾಳಿಗೆ ಇಟ್ಟ ಒಲೆಯ ಹಾಗೆ.

ಗ್ಯಾರೇಜಿನಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಈ ರೋಗ ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಮಿಸ್ತ್ರಿಯನ್ನೇ ರಸ್ತೆಗೆ ಕರೆದೊಯ್ಯಬೇಕೆಂದು ನಿರ್ಧರಿಸಿದೆ. ವಾಪಸ್ ಶಹಾಪುರಕ್ಕೆ ಬಂದೆವು. ಅವನು ಆಗಷ್ಟೇ ಶೆಟರ್ ಎತ್ತುತ್ತಿದ್ದ.

“ಖಾಲಾ, ನಿನ್ನೆ ಬರಾಬರ್ ಮಾಡಿ ಕೊಟ್ಟೀನಲ್ಲ! ಇಲ್ಲೇ ನಿಂತು ನೋಡೀರಿ.”

“ನೋಡೀನಿ. ನಿನ್ನ ಅಂಗಡ್ಯಾಗ ಬರಾಬರ್ ಅದ. ನಿನ್ನ ಅಂಗಡಿ ಹುಣಸಗಿಗಿ ಹೋಗೂದಿಲ್ಲಲ್ಲ? ಏರು ಗಾಡಿ.”

“ಗಿರಾಕಿ ಬರ್ತಾರ್ರೀ—”

ಅಂಗಡಿಯ ಬಾಗಿಲಿನಲ್ಲಿ ಅವನ ಸ್ಟೂಲ್ ಎಳೆದು ಕೂತುಬಿಟ್ಟೆ. “ಬರ್ಲಿ. ಬಂದವ್ರಿಗೆಲ್ಲ ನಾನ ರಿಪೇರಿ ಮಾಡ್ತೀನಿ. ಪಾನಾ ಕೊಡಿಲ್ಲಿ.”

ನನ್ನ ಕೈಗೆ ಸ್ಪ್ಯಾನರ್ ಕೊಡುವುದಕ್ಕಿಂತ ಗಾಡಿ ಏರುವುದೇ ಕ್ಷೇಮ ಎಂದು ಅವನಿಗೆ ಅನಿಸಿತು. ಸ್ವೆಟರಿಲ್ಲದೆ ಬರೀ ಅಂಗಿಯಲ್ಲೇ ಹತ್ತಿದ. ಸೊಸೆ ಸುರಪುರದ ರಸ್ತೆಯಲ್ಲಿ ಬಿಟ್ಟಳು ನೋಡಿ, ಹಿಂದೆಂದೂ ಅಷ್ಟು ಜೋರಾಗಿ ಓಡಿಸಿರಲಿಲ್ಲ. ಅವನ ಕೈಯನ್ನು ಹೀಟರಿನ ಬಾಯಿಗೆ ಹಿಡಿಸಿದೆ. ಮೊದಲು, “ಗರಮ್ ಅದಲ್ಲ,” ಎಂದ. ಆಮೇಲೆ ಕೈ ಹಿಂದೆಗೆದು ಕಂಕುಳಲ್ಲಿ ಇಟ್ಟುಕೊಂಡ. ನಾನು ಆ ಕೈ ಎಳೆದು ಮತ್ತೆ ಅಲ್ಲೇ ಇಟ್ಟೆ.

“ಮರಿಗಿ ಕಂಕುಳ ಇಲ್ಲಪ್ಪಾ.”

ಅವನ ಕಣ್ಣು ಮುಳ್ಳಿನ ಮೇಲೆ ಬಿತ್ತು. ಅದು ಇಳಿಯುತ್ತಿತ್ತು. ಅವನ ಮುಖವೂ ಅದರೊಂದಿಗೆ ಇಳಿಯಿತು.

“ಗಾಡಿ ತಿರುವಮ್ಮಾ,” ಎಂದ ಸೊಸೆಗೆ. “ಥರ್ಮೋಸ್ಟಾಟ್ ಇಲ್ಲ ಇದರಾಗ.”

ಈ ಕಥೆಯನ್ನು ಫೋನಿನಲ್ಲಿ ಬರೆಯುವಾಗ ‘ಥರ್ಮೋಸ್ಟಾಟ್’ ಎಂಬ ಒಂದು ಪದ ಟೈಪ್ ಮಾಡುವಷ್ಟರಲ್ಲಿ ನನ್ನ ಚಹಾ ಆರಿತು. ಟೈಪಿಂಗ್ ಹೊಸದಾಗಿ ಕಲಿತವಳು, ಇನ್ನು ಮುಂದೆ ವಾಲ್ವ್ ಎನ್ನುತ್ತೇನೆ. ಎಂಜಿನ್ನಿನ ನೀರು ಕಾಯುವ ತನಕ ರೇಡಿಯೇಟರಿಗೆ ಹೋಗದಂತೆ ಬಾಗಿಲು ಮುಚ್ಚಿ ಹಿಡಿಯುವುದೇ ಈ ವಾಲ್ವಿನ ಕೆಲಸ. ಕಾದ ಮೇಲೆ ತಾನೇ ತೆರೆಯುತ್ತದೆ. ಅದಿಲ್ಲದಿದ್ದರೆ ನೀರು ಎಲ್ಲ ಹೊತ್ತೂ ರೇಡಿಯೇಟರಿನ ಗಾಳಿಗೆ ಓಡುತ್ತಿರುತ್ತದೆ, ಚಳಿಯಲ್ಲಿ ಕಾಯುವುದೇ ಇಲ್ಲ.

“ಕದ್ದವ್ರು ಯಾರು ಅದನ್ನ?” ಎಂದು ಸೊಸೆ ಸಿಟ್ಟಿನಿಂದ ಕೇಳಿದಳು.

ಮಿಸ್ತ್ರಿ ಕಿಟಕಿಯ ಹೊರಗೆ ನೋಡಿದ. “ಕದ್ದಿಲ್ಲಮ್ಮಾ. ಈ ಕಡೆ ಬ್ಯಾಸಗ್ಯಾಗ ಎಂಜಿನ್ ಹೀಟ್ ಆಗ್ತಾದಂತ ನಾವೆಲ್ಲ ಅದನ್ನ ತಗದ ಬಿಡ್ತೇವಿ. ಯಾದಗಿರ್ಯಾಗೂ ಅದೇ, ಸುರಪುರದಾಗೂ ಅದೇ. ನಾ ನನ್ನ ಉಸ್ತಾದ್ ಕಡಿಂದ ಕಲ್ತಿದ್ದು, ಅವ್ರು ಅವ್ರ ಉಸ್ತಾದ್ ಕಡಿಂದ. ಈ ಗಾಡಿದು ಯಾರು ತಗದಾರೋ... ನಾನೂ ಇರಬಹುದು.”

ನನಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಬೈಯುವುದು ರೂಢಿ ಇದ್ದದ್ದರಿಂದ ಅದನ್ನೇ ಮೊದಲು ಮಾಡಿದೆ. ಬಿಸಿಲಿಗೆ ಹೆದರಿ ಇಡೀ ಜಿಲ್ಲೆಯ ಗಾಡಿಗಳ ಬಾಗಿಲು ಕಿತ್ತು ಕೂತಿದ್ದಾರೆ ಇವರು!

ಹೊಸ ವಾಲ್ವ್ ಬಿಡಿಭಾಗದ ಅಂಗಡಿಯಲ್ಲಿ ಇರಲಿಲ್ಲ. ಯಾರೂ ಕೇಳುವುದಿಲ್ಲವಾದ್ದರಿಂದ ತರಿಸುವುದೇ ಇಲ್ಲವಂತೆ. ಕಲಬುರಗಿಯಿಂದ ಬರಬೇಕು, ಯಾವಾಗ ಬರುತ್ತದೆಂದು ಹೇಳಲಾಗದು. ಅಷ್ಟರಲ್ಲಿ ಏಜೆಂಟ್ ಫೋನು ಮಾಡಿ, ಹುಣಸಗಿಯ ಲೋಡು ನಾಳೆ ನಸುಕಿಗೇ ಬರುತ್ತದೆ, ಒಯ್ಯುತ್ತೀರೋ ಇಲ್ಲವೋ ಎಂದ. ಸೊಸೆ ಫೋನು ಹಿಡಿದು ನನ್ನ ಮುಖ ನೋಡಿದಳು. ನಾನು ಮಿಸ್ತ್ರಿಯ ಮುಖ ನೋಡಿದೆ.

“ಹೊಸಾದು ಬ್ಯಾಡ. ನೀ ತಗದ ಒಗದ ಹಳೇವು ಎಲ್ಲಿ ಅವ?” ಎಂದೆ.

ಅವನು ತಲೆ ಕೆರೆದುಕೊಂಡು ಒಳಗೆ ಹೋಗಿ ಎಣ್ಣೆಯ ಹಳೆಯ ಡಬ್ಬಿಯೊಂದನ್ನು ತಂದು ಸುರಿದ. ತಳದಲ್ಲಿ ಕಿಲುಬು ಹಿಡಿದ ವಾಲ್ವುಗಳು, ಶಹಾಪುರದ ಎಷ್ಟೋ ಬೇಸಿಗೆಗಳ ಫಸಲು.

“ಒಯ್ತೇವಂತ ಹೇಳು,” ಎಂದೆ ಸೊಸೆಗೆ.

“ಅತ್ತೀ, ಇವು ನಡೀತಾವೋ ಇಲ್ಲೋ—”

“ಹೇಳು ಬೇ.”

ಹೇಳಿದಳು.

ನಮ್ಮ ಗಾಡಿಯ ಅಳತೆಗೆ ಹೊಂದುವಂಥವನ್ನು ಮಿಸ್ತ್ರಿ ಆರಿಸಿದ. ಕೂಡಿಸುವ ಮುಂಚೆ ಪರೀಕ್ಷೆ ಆಗಬೇಕು. ಪಕ್ಕದ ಚಹಾದಂಗಡಿಯಲ್ಲಿ ಒಂದು ಪಾತೆಲೆ ನೀರು ಕಾಯಲಿಟ್ಟು ವಾಲ್ವುಗಳನ್ನು ತತ್ತಿ ಕುದಿಸುವಂತೆ ಅದರಲ್ಲಿ ಬಿಟ್ಟೆವು. ಅಂಗಡಿಯಾಕೆ, “ಇನ್ನ ಆ ಪಾತೇಲಿ ನಿಮ್ಮ ಮನೀಗೇ ಒಯ್ರಿ,” ಎಂದು ಕಿರುಚಿದಳು. ಕುದಿಯುವ ನೀರಿನಲ್ಲಿ ವಾಲ್ವಿನ ಬಾಯಿ ತೆರೆಯಬೇಕು, ತೆಗೆದಿಟ್ಟರೆ ಮುಚ್ಚಬೇಕು. ಮೊದಲನೆಯದು ತೆರೆಯಲೇ ಇಲ್ಲ. ಅದನ್ನು ಕೂಡಿಸಿದ್ದರೆ ಎಂಜಿನ್ನೇ ಸುಟ್ಟುಹೋಗುತ್ತಿತ್ತು. ಇನ್ನೊಂದು ತೆರೆಯಿತು, ಮುಚ್ಚಲಿಲ್ಲ. ಮತ್ತೊಂದರ ಸ್ಪ್ರಿಂಗ್ ಕೈಗೇ ಬಂತು. ಸೊಸೆ ಪಾತೆಲೆಯಿಂದ ಮುಖ ತಿರುಗಿಸಿ ನಿಂತಳು. ಆಗ ತಳದಲ್ಲಿ ಕರ್ರಗೆ ಬಿದ್ದಿದ್ದ ಒಂದು, ಮುದುಕಿ ಬಾಯಿ ಬಿಟ್ಟಂತೆ ಮೆಲ್ಲಗೆ ತೆರೆಯಿತು. ಸೌಟಿನಿಂದ ಎತ್ತಿ ಗಾಳಿಗೆ ಹಿಡಿದೆ. ಮುಚ್ಚಿತು. ಮತ್ತೆ ಬಿಟ್ಟೆ, ತೆರೆಯಿತು.

“ಇದ ನೋಡ್ ನಂದು,” ಎಂದೆ.

ಅದನ್ನು ಉಜ್ಜಿ, ಹೊಸ ಗ್ಯಾಸ್ಕೆಟ್ ಕತ್ತರಿಸಿ ಕೂಡಿಸಿದ. ಕೂಲಂಟ್ ತುಂಬಿ, ಗಾಳಿ ಹೊರಡಿಸಿ, ಈ ಸಲ ಕರೆಯದಿದ್ದರೂ ತಾನೇ ಗಾಡಿ ಏರಿದ. ವನದುರ್ಗದ ದಿಕ್ಕಿಗೆ ಓಡಿಸಿದೆವು. ಮುಳ್ಳು ನಡುವಿಗೆ ಏರಿ ನಿಂತಿತು. ಗಾಡಿ ಎಷ್ಟು ಓಡಿದರೂ ನಿಂತೇ ಇತ್ತು. ಮಿಸ್ತ್ರಿ ಹೀಟರಿನ ಬಾಯಿಗೆ ಹಿಡಿದ ಕೈಯನ್ನು ಹಾಯ್ ಎಂದು ಹಿಂದೆಗೆದ. ಆದರೂ ಕೂತಲ್ಲೇ ಗೊಣಗಿದ, “ಖರೆ ಖಾಲಾ, ಬ್ಯಾಸಗ್ಯಾಗ ಬರ್ರಿ, ತಗದ ಬಿಡೋಣು.”

“ಬ್ಯಾಸಗ್ಯಾಗ ನಿನ್ನ ಅಂಗಡಿ ಕಡಿ ಈ ಗಾಡಿ ತಲೀನೂ ಹಾಕೂದಿಲ್ಲ,” ಎಂದಳು ಸೊಸೆ. ನಾನು ಹೇಳಬೇಕೆಂದಿದ್ದ ಮಾತು ಅವಳು ಕಸಿದುಕೊಂಡಳು.

ಮರುದಿನ ಯಾದಗಿರಿಯಲ್ಲಿ ಏಜೆಂಟ್ ಪೆಟ್ಟಿಗೆ ಏರಿಸುವಾಗ ನಮ್ಮನ್ನು ನೋಡಲೂ ಇಲ್ಲ. ಆ ಲೋಡಿಗೆ ಇನ್ನೊಂದು ಗಾಡಿಯವನೂ ಬಂದು ನಿಂತಿದ್ದ. ಅವನು ಬೀಡಿ ಸೇದುತ್ತಾ, ನಾವು ಎಲ್ಲಿ ಎಡವುತ್ತೇವೆಂದು ಕಾಯುವಂತೆ ನಮ್ಮ ಗಾಡಿಯ ಸುತ್ತ ಒಂದು ಸುತ್ತು ಬಂದ. ಸೊಸೆ ಅವನ ಮುಂದೆಯೇ ಗಾಡಿ ತಿರುಗಿಸಿಕೊಂಡು ಹೊರಟಳು.

ಹೊಳೆ ದಾಟಿದೆವು, ಗಾಳಿ ಬಿಸಿ. ಶಹಾಪುರ ದಾಟಿದೆವು, ಬಿಸಿ. ಉಸಿರಿಗೆಂದು ಕಿಟಕಿಯ ಮೇಲ್ಭಾಗದಲ್ಲಿ ಸಂದು ಬಿಟ್ಟು, ಉಳಿದದ್ದೆಲ್ಲ ಮುಚ್ಚಿದ್ದೆವು. ನನ್ನ ಕುಪ್ಪಸ ಬೆನ್ನಿಗೆ ಅಂಟಿತು. ಸೊಸೆಯ ಕುಂಕುಮ ಮೂಗಿನ ಮೇಲೆ ಇಳಿದಿತ್ತು. ಸುರಪುರ ದಾಟಿ ಕಾಲುವೆಯ ಗದ್ದೆಗಳು ಶುರುವಾದಾಗ ಅವಳು ಫಕ್ಕನೆ ಬ್ರೇಕ್ ಹಾಕಿದಳು.

“ಅತ್ತಿ, ಸಪ್ಪಳ ಇಲ್ಲ.”

ನಿಜ. ಹಿಂದೆ ಒಂದು ಚೀಂವ್ ಕೂಡ ಇರಲಿಲ್ಲ. ಬೆಂದುಹೋದವೇ? ಉಸಿರು ಕಟ್ಟಿತೇ? ಇಬ್ಬರೂ ಏಳುವಾಗ ತಲೆಗೆ ತಲೆ ಬಡಿಯಿತು. ಮೇಲಿನ ಪೆಟ್ಟಿಗೆಯ ಮುಚ್ಚಳ ತೆಗೆಯುವ ಧೈರ್ಯ ಅವಳಿಗಾಗಲಿಲ್ಲ, ನಾನು ತೆಗೆದೆ. ಮರಿಗಳು ಪೆಟ್ಟಿಗೆಯ ತುಂಬ ಹರಡಿಕೊಂಡು, ಕತ್ತು ಚಾಚಿ, ಕಾಲು ಹಿಂದೆ ಬಿಟ್ಟು ಬಿದ್ದಿದ್ದವು. ಬೆರಳಿನಿಂದ ಒಂದನ್ನು ಮುಟ್ಟಿದೆ. ಅದು ಕಣ್ಣು ತೆರೆದು ನನ್ನನ್ನು ಸಿಟ್ಟಿನಿಂದ ನೋಡಿ, ಮತ್ತೆ ಮುಚ್ಚಿತು. ನಿದ್ದೆ! ಮೂಲೆಗಳೆಲ್ಲ ಖಾಲಿ ಇದ್ದವು.

ಹುಣಸಗಿಯಲ್ಲಿ ಹೆಂಗಸರು ಪೆಟ್ಟಿಗೆ ಇಳಿಸಿಕೊಳ್ಳುವಾಗ ಏಜೆಂಟನ ಫೋನು ಬಂತು. “ಎಷ್ಟು ಹೋದ್ವಮ್ಮಾ?” ಎಂದು ನೇರ ಕೇಳಿದ. ಸೊಸೆ ತೆರೆದ ಪೆಟ್ಟಿಗೆಯೊಳಗೆ ಫೋನು ಹಿಡಿದಳು. ಎಚ್ಚರಾದ ಮರಿಗಳೆಲ್ಲ ಒಟ್ಟಿಗೆ ಶುರು ಮಾಡಿದವು. ಅವನು ಆ ಕಡೆಯಿಂದ ಏನೋ ಕೂಗಿದ, ಗದ್ದಲದಲ್ಲಿ ಕೇಳಲಿಲ್ಲ. ಕಿವಿಗೆ ಹಚ್ಚಿಕೊಂಡಾಗ, “ಆಯ್ತು, ಆಯ್ತು! ಆ ಇನ್ನೊಂದು ಗಾಡಿಯವನಿಗಿ ಬ್ಯಾಡಂತ ಹೇಳ್ತೀನಿ. ಮುಂದಿನ ಲೋಡಿಗಿ ಜಲ್ದಿ ಬರ್ರಿ,” ಎಂದು ಇಟ್ಟುಬಿಟ್ಟ.

ಸೊಸೆ ಫೋನನ್ನು ನನ್ನ ಕೈಗೆ ಕೊಟ್ಟು ಗಾಡಿಯ ಹಿಂದಕ್ಕೆ ಹೋದಳು. ಹೊತ್ತಾದರೂ ಬರಲಿಲ್ಲ. ನಾನು ಹಿಂದೆ ಹೋಗಲಿಲ್ಲ, ಪೆಟ್ಟಿಗೆ ಇಳಿಸುವ ಹೆಂಗಸರಿಗೆ ಬೇಕಿಲ್ಲದ ಬುದ್ಧಿ ಹೇಳುತ್ತಾ ನಿಂತೆ. ಆಮೇಲೆ ಬಂದಳು, ಕಣ್ಣು ಕೆಂಪಗೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ.

“ಎಂಥಾ ಧಗಿ ಅತ್ತಿ ಈ ಗಾಡ್ಯಾಗ. ಬೆವರು ಕಣ್ಣಾಗ ಹೋಗ್ಯಾದ ನೋಡ್ರಿ.”

ಹೊರಗೆ ಹೆಂಗಸರು ಶಾಲು ಹೊದ್ದು ನಡುಗುತ್ತಿದ್ದರು.

“ಹೌದವ್ವಾ,” ಎಂದೆ. “ಭಾಳ ಧಗಿ.”